ನಾನು ಮುಟ್ಟದೆ ಬಿಟ್ಟ ಮುಂದಿನ ಕೊಂಡಿ

ಮೂರು ವರ್ಷದ ಹಿಂದಿನ ಮಾರ್ಚ್ ತಿಂಗಳು, ಯುಗಾದಿಗೆ ಮೊದಲಿನ ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ ಬೀಳಗಿ ತಾಲ್ಲೂಕಿನ ಒಂದು ಸವಳು ಬಯಲು. ಕೃಷ್ಣೆಯ ಹಿನ್ನೀರು ಹಿಂದೆ ಸರಿದ ಮೇಲೆ ಅಲ್ಲಿಯ ನೆಲ ರಸ್ತೆಯಷ್ಟು ಗಟ್ಟಿಯಾಗುತ್ತದೆ. ಹಾಜರಿದ್ದವರು ಮೂವರು: ಬನಹಟ್ಟಿಯಲ್ಲಿ ಪವರ್‌ಲೂಮ್ ಮಗ್ಗ ನಡೆಸುವ ಈರಪ್ಪ, ಅವರ ಹೆಂಡತಿ ಗಂಗವ್ವ, ಮತ್ತು ನಾನು. ನಮ್ಮೆದುರು ಈರಪ್ಪ ಆರು ವರ್ಷ ಹಿಡಿದು ಸ್ವತಃ ಕಟ್ಟಿದ ಎರಡು ಸೀಟಿನ ಪುಟ್ಟ ವಿಮಾನ ನಿಂತಿತ್ತು.

ನಾನು ವಾಯುಪಡೆಯ ಏರ್‌ಫ್ರೇಮ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನು. ಎಂಜಿನ್ ಬಿಟ್ಟರೆ ವಿಮಾನದಲ್ಲಿ ಉಳಿಯುವ ಮೈ, ರೆಕ್ಕೆ, ಬಾಗಿಲು, ಗಾಲಿ ಎಲ್ಲವೂ ಏರ್‌ಫ್ರೇಮ್. ನಿವೃತ್ತಿಗೆ ಒಂದು ವರ್ಷ ಮೊದಲು ಹೆಂಡತಿ ತೀರಿಕೊಂಡಳು. ಮಕ್ಕಳಿಲ್ಲ. ಜಮಖಂಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆ. ನಾಲ್ಕೂವರೆಗೆ ಏಳುವುದು, ಐದಕ್ಕೆ ಕ್ಷೌರ, ಐದೂವರೆಗೆ ನಡಿಗೆ, ಏಳಕ್ಕೆ ಅಡುಗೆ. ಈ ದಿನಚರಿ ಒಂದು ದಿನವೂ ತಪ್ಪಲಿಲ್ಲ. ಆದರೆ ದಿನಚರಿಗೆ ಮಾತು ಬೇಕಾಗಿಲ್ಲ. ಸೋಮವಾರದಿಂದ ಶನಿವಾರದವರೆಗೆ ನನ್ನ ದನಿ ಕೇಳಿಸಿಕೊಳ್ಳುತ್ತಿದ್ದವನು ಹಾಲಿನವನೊಬ್ಬನೇ, ಅವನಿಗೂ ಅವಸರ.

ಈರಪ್ಪ ಯಾರಿಂದಲೋ ನನ್ನ ವಿಷಯ ತಿಳಿದು ಒಂದು ದಿನ ಮನೆಗೆ ಬಂದರು. ಚೀಲದಿಂದ ಅಲ್ಯೂಮಿನಿಯಂ ತಗಡಿನ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟು, "ಸಾಹೇಬ್ರ, ಈ ರಿವೆಟ್ ಛಲೋ ಕುಂತಾವೋ ಇಲ್ಲೋ ಖರೆ ಹೇಳ್ರಿ" ಎಂದರು. ತಗಡು ಬೆಸೆಯುವ ಆ ಹನ್ನೆರಡು ಮೊಳೆಗಳಲ್ಲಿ ಐದು ಸರಿಯಿರಲಿಲ್ಲ. ಹಾಗೆಯೇ ಹೇಳಿದೆ. ಮುಂದಿನ ವಾರ ಅವರು ಹೊಸ ತುಂಡು ತಂದರು. ಅಂದಿನಿಂದ ಎರಡು ವರ್ಷ ಪ್ರತಿ ಭಾನುವಾರ ಮೊದಲ ಬಸ್ಸಿಗೆ ನಾನು ಬನಹಟ್ಟಿಗೆ ಹೋದೆ. ನಮ್ಮಿಬ್ಬರ ಒಪ್ಪಂದ ಒಂದೇ: ನಾನು ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕುವವರೆಗೆ ಮುಂದಿನ ಕೆಲಸಕ್ಕೆ ಕೈ ಹಾಕಬಾರದು. ಸರ್ಕಾರದ ಪರವಾನಗಿ ಬೇರೆ ವಿಷಯ; ಹಾರಾಟಕ್ಕೆ ಅದಿನ್ನೂ ಬಂದಿರಲಿಲ್ಲ. ಈರಪ್ಪ ವಿಮಾನ ಓಡಿಸುವ ತರಬೇತಿ ಮುಗಿಸಿದ್ದರು. ಆ ಭಾನುವಾರದ ಕಾರ್ಯಕ್ರಮ ನೆಲದ ಮೇಲಿನ ಓಟ ಮಾತ್ರ. ವೇಗ ಗಂಟೆಗೆ ಐವತ್ತು ಕಿಲೋಮೀಟರ್ ದಾಟಬಾರದು ಎಂದು ನಾನೇ ಬರೆದುಕೊಟ್ಟಿದ್ದೆ.

ಇಲ್ಲಿ ಕ್ಯಾನೊಪಿಯ ಬಗ್ಗೆ ಸ್ವಲ್ಪ ಹೇಳಬೇಕು. ಸೀಟುಗಳ ಮೇಲೆ ಮುಚ್ಚುವ ಪಾರದರ್ಶಕ ಮುಚ್ಚಳವೇ ಕ್ಯಾನೊಪಿ. ಈರಪ್ಪನವರ ವಿಮಾನದಲ್ಲಿ ಅದರ ಎಡಬದಿಗೆ ಕೀಲು, ಬಲಬದಿಗೆ ಲ್ಯಾಚ್. ಲ್ಯಾಚಿಗೆ ಎರಡು ಉಕ್ಕಿನ ಕೊಂಡಿ, ಮುಂದೊಂದು, ಹಿಂದೊಂದು. ಒಂದು ಹಿಡಿಕೆಯನ್ನು ಮುಂದಕ್ಕೆ ತಳ್ಳಿದರೆ ಉದ್ದನೆಯ ಸಲಾಕೆಯೊಂದು ಎರಡೂ ಕೊಂಡಿಗಳನ್ನು ತಿರುಗಿಸಿ ಪಿನ್ನುಗಳ ಕೆಳಗೆ ಕೂಡಿಸುತ್ತದೆ. ಈ ವ್ಯವಸ್ಥೆಯ ದೋಷವೂ ಅಲ್ಲಿಯೇ ಇದೆ. ಚೌಕಟ್ಟು ಸ್ವಲ್ಪ ಸರಿದರೂ ಮುಂದಿನ ಕೊಂಡಿ ಪಿನ್ನಿನ ಕೆಳಗೆ ಹೋಗದೆ ಮೇಲೆ ಕೂರಬಹುದು. ಸಲಾಕೆ ತುಸು ಬಾಗುತ್ತದೆ, ಹಿಡಿಕೆ ಮಾತ್ರ ಪೂರ್ತಿ ಮುಂದೆ ಹೋಗಿ 'ಬಂದ್' ಎಂಬ ಗುರುತಿಗೆ ನಿಲ್ಲುತ್ತದೆ. ಆದ್ದರಿಂದ ನನ್ನ ತಪಾಸಣೆ ಪಟ್ಟಿಯಲ್ಲಿ ನಾನೇ ಬರೆದಿದ್ದ ಸಾಲು ಹೀಗಿತ್ತು: ಹಿಡಿಕೆ ನೋಡಿ ನಂಬಬಾರದು, ಎರಡೂ ಕೊಂಡಿಗಳನ್ನು ಬೆರಳಿಂದ ಮುಟ್ಟಬೇಕು.

ವಿಮಾನವನ್ನು ಹಿಂದಿನ ದಿನ ರೆಕ್ಕೆ ಬಿಚ್ಚಿ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಬನಹಟ್ಟಿಯಿಂದ ತಂದಿದ್ದೆವು. ರಾತ್ರಿ ಬಯಲಿನ ಅಂಚಿನ ತಗಡಿನ ಶೆಡ್ಡಿನಲ್ಲಿತ್ತು. ಬೆಳಿಗ್ಗೆ ಹೊರಗೆ ತಳ್ಳಿ, ಬಾಲದಿಂದ ತಪಾಸಣೆ ಆರಂಭಿಸಿದೆ. ಗಾಲಿ, ಬ್ರೇಕು, ರೆಕ್ಕೆಯ ಬೋಲ್ಟು. ಎಲ್ಲವನ್ನೂ ಮುಟ್ಟಿದೆ. ಈರಪ್ಪ ಒಳಗೆ ಕೂತು ಕ್ಯಾನೊಪಿ ಎಳೆದುಕೊಂಡು ಹಿಡಿಕೆ ತಳ್ಳಿದರು. ಕ್ಯಾನೊಪಿಯ ಬದಿಗಿರುವ ಸಣ್ಣ ಗಾಳಿ ಕಿಂಡಿಯಿಂದ ಕೈ ಒಳಗಿಟ್ಟರೆ ಎರಡೂ ಕೊಂಡಿ ಸಿಗುತ್ತವೆ. ಕೈ ಇಟ್ಟೆ. ಹಿಂದಿನದನ್ನು ಮುಟ್ಟಿದೆ. ಅಷ್ಟರಲ್ಲಿ ಗಂಗವ್ವ ಸ್ಟೀಲಿನ ಲೋಟದಲ್ಲಿ ಚಹಾ ಹಿಡಿದು ಬಂದರು.

"ಅಣ್ಣಾರ, ಯುಗಾದಿಗೆ ಎಲ್ಲಿರ್ತೀರಿ?"

"ಎಲ್ಲಿರ್ತೀನ್ರಿ, ಮನ್ಯಾಗ."

"ಒಬ್ರ ಕುಂತು ಹೋಳಿಗಿ ಮಾಡ್ಕೊಂತೀರೇನು? ನಮ್ಮನಿಗೇ ಬರ್ರಿ. ಇವರಿಗೂ ಇಮಾನದ ಮಾತು ಕೇಳಾಕ ಒಬ್ರು ಬೇಕ. ನನ್ನ ಕಿವಿ ದಣದಾವ."

ಒಳಗಿನಿಂದ ಈರಪ್ಪ ನಕ್ಕು, "ಬರ್ರಿ ಸಾಹೇಬ್ರ, ಇಲ್ಲಂದ್ರ ನನಗೂ ಹೋಳಿಗಿ ಹಾಕೂದಿಲ್ಲ ಆಕಿ" ಎಂದರು.

ಹನ್ನೊಂದು ವರ್ಷದಿಂದ ಹಬ್ಬಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ. ಕಿಂಡಿಯಿಂದ ಕೈ ತೆಗೆದು ಲೋಟ ತೆಗೆದುಕೊಂಡೆ. ಬರುತ್ತೇನೆ ಎಂದೆ. ಚಹಾ ಕುಡಿದು, ಹಿಡಿಕೆಯ ಕಡೆ ಕಣ್ಣು ಹಾಯಿಸಿದೆ. 'ಬಂದ್' ಗುರುತಿಗೆ ಸರಿಯಾಗಿ ನಿಂತಿತ್ತು. ರಿಜಿಸ್ಟರಿನಲ್ಲಿ ಸಹಿ ಹಾಕಿದೆ. ವೇಳೆ ಆರು ಐವತ್ತು.

ಮೊದಲ ಎರಡು ಓಟ ಚೆನ್ನಾಗಿ ನಡೆದವು. ಮೂರನೆಯದರಲ್ಲಿ ವಿಮಾನ ನನ್ನನ್ನು ದಾಟಿ ಸುಮಾರು ನೂರು ಹೆಜ್ಜೆ ಹೋಗಿರಬೇಕು, ಕ್ಯಾನೊಪಿಯ ಮುಂಬದಿ ಒಂದು ಗೇಣು ಮೇಲೆದ್ದಿತು. ಮರುಕ್ಷಣ ಹಿಂದಿನ ಕೊಂಡಿಯೂ ಜಾರಿ ಇಡೀ ಮುಚ್ಚಳ ಎಡಕ್ಕೆ ಬಿಚ್ಚಿಕೊಂಡಿತು. ಈರಪ್ಪ ವಿಮಾನವನ್ನು ಏರಿಸಿ ಇಳಿಸಿ ವಾಲಿಸುವ ಸ್ಟಿಕ್ ಬಿಟ್ಟು ಬಲಗೈಯನ್ನು ಮೇಲಕ್ಕೆ ಚಾಚಿ ಮುಚ್ಚಳದ ಅಂಚು ಹಿಡಿದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಮೈ ಎಡಕ್ಕೆ ವಾಲಿದಾಗ ಎಡಗೈಯ ಭಾರವೆಲ್ಲ ಥ್ರಾಟಲ್ ಮೇಲೆ ಬಿದ್ದಿತು. ಥ್ರಾಟಲ್ ಎಂದರೆ ಎಂಜಿನ್ನಿನ ವೇಗದ ಹಿಡಿ. ಮುಂದೆ ಹೋದಷ್ಟೂ ವೇಗ. ಎಂಜಿನ್ ಕೂಗಿತು. ಗಾಲಿಗಳು ನೆಲ ಬಿಟ್ಟವು. ಸ್ಟಿಕ್ ಹಿಡಿದವರು ಯಾರೂ ಇಲ್ಲದ ವಿಮಾನ ಆಳೆತ್ತರ ಏರಿ, ಬಲಗಡೆಗೆ ತಿರುಗಿ, ಒಂದು ಗಾಲಿಯ ಮೇಲೆ ಬಿದ್ದು ಪುಟಿದು ಓಡಿತು. ಅಷ್ಟರಲ್ಲಿ ಈರಪ್ಪ ಥ್ರಾಟಲ್ ಹಿಂದಕ್ಕೆಳೆದು ಬ್ರೇಕು ಒತ್ತಿರಬೇಕು, ಬಯಲಿನ ಅಂಚಿನ ಜಾಲಿ ಗಿಡಗಳಿಗೆ ಇಪ್ಪತ್ತು ಹೆಜ್ಜೆ ಇರುವಾಗ ನಿಂತಿತು.

ನಾನು ಓಡಿದೆ. ಗಂಗವ್ವ ನನಗಿಂತ ಮೊದಲು ತಲುಪಿದ್ದರು. ಈರಪ್ಪ ಎಂಜಿನ್ ಆರಿಸಿ ಒಳಗೇ ಕೂತಿದ್ದರು. ಕೈಗೆ ಒಂದು ತರಚು ಗಾಯ, ಬೇರೇನಿಲ್ಲ. ಕ್ಯಾನೊಪಿಯಲ್ಲಿ ಕೀಲಿನಿಂದ ಗೇಣುದ್ದ ಸೀಳು ಬಿದ್ದಿತ್ತು.

"ಏನ್ ಮಾಡಿದ್ರಿ ನೀವು? ಮುಚ್ಚಳ ಹೋದ್ರ ಹೋಗಲಿ, ಅದನ್ಯಾಕ ಹಿಡಿಯಾಕ ಹೋದ್ರಿ?" ಎಂದರು ಗಂಗವ್ವ.

ಈರಪ್ಪ ತಮ್ಮ ಬಲಗೈಯನ್ನೇ ನೋಡಿಕೊಂಡರು. "ನಾ ಹಿಡೀಲಿಲ್ಲ. ಕೈ ತಾನ ಹೋತು. ಮಗ್ಗದಾಗ ಎಳಿ ಹರದ್ರ ಹೋಗ್ತದಲ್ಲ, ಹಂಗ."

ಅವರ ಮಗ್ಗಗಳ ಶೆಡ್ಡನ್ನು ನಾನು ನೋಡಿದ್ದೇನೆ. ಎಳೆ ಹರಿದರೆ ಅಲ್ಲಿಯ ನುರಿತವರು ಮಗ್ಗ ನಿಲ್ಲಿಸುವುದಿಲ್ಲ. ಲಾಳಿ ಓಡುತ್ತಿರುವಾಗಲೇ ಕೈ ಒಳಗೆ ಹೋಗಿ, ಗಂಟು ಬಿಗಿದು, ಹೊರಗೆ ಬಂದಿರುತ್ತದೆ. ಈರಪ್ಪ ಹತ್ತನೆಯ ವಯಸ್ಸಿನಿಂದ ಆ ಕೆಲಸ ಮಾಡಿದವರು. ಅವರ ಕೈ ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ. ಮಗ್ಗದಲ್ಲಿ ಅದು ಹೆಚ್ಚುಗಾರಿಕೆ. ಆದರೆ ಕ್ಯಾನೊಪಿ ತೆರೆದುಕೊಂಡ ಸಣ್ಣ ವಿಮಾನ ಬಹುತೇಕ ಸಲ ಗಾಳಿ, ಸದ್ದು, ಗಾಬರಿಗಳ ನಡುವೆಯೂ ಹಾರುತ್ತಲೇ ಇರುತ್ತದೆ. ಪ್ರಾಣ ತೆಗೆಯುವುದು ಅದನ್ನು ಮುಚ್ಚಲು ಹೋದ ಕೈ. ಆ ದಿನ ಐನೂರು ಅಡಿ ಎತ್ತರದಲ್ಲಿದ್ದಿದ್ದರೆ ಈರಪ್ಪ ಉಳಿಯುತ್ತಿರಲಿಲ್ಲ.

ನಾನು ಬಗ್ಗಿ ಮುಂದಿನ ಪಿನ್ನನ್ನು ನೋಡಿದೆ. ಅದರ ಮೇಲ್ಭಾಗದಲ್ಲಿ ಕೊಂಡಿ ಉಜ್ಜಿದ ಹೊಳೆಯುವ ಗೆರೆಯಿತ್ತು. ಕೆಳಭಾಗದಲ್ಲಿ ಹೊಸ ಗುರುತು ಒಂದೂ ಇರಲಿಲ್ಲ. ಟ್ರೇಲರಿನ ಕುಲುಕಾಟಕ್ಕೆ ಚೌಕಟ್ಟು ಸರಿದಿತ್ತು. ಬೆಳಗಿನಿಂದ ಆ ಕೊಂಡಿ ಕೂತೇ ಇರಲಿಲ್ಲ.

ಈರಪ್ಪ, "ನಂದ ತಪ್ಪು ಸಾಹೇಬ್ರ. ಹಿಡಿಕಿ ಜೋರ ಒತ್ತಬೇಕಿತ್ತು" ಎಂದರು.

ಸುಮ್ಮನಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನನಗೆ ಬನಹಟ್ಟಿಯ ಭಾನುವಾರಗಳು ಉಳಿಯುತ್ತಿದ್ದವು. ಮುಂದಿನ ಓಟದಲ್ಲೋ, ಪರವಾನಗಿ ಬಂದ ಮೇಲೆ ಆಕಾಶದಲ್ಲೋ, ಅದೇ ಕೊಂಡಿ ಮತ್ತೆ ಜಾರುತ್ತಿತ್ತು.

"ತಪ್ಪು ನಂದೈತಿ ಈರಪ್ಪ" ಎಂದೆ. "ಮುಂದಿನ ಕೊಂಡಿ ನಾ ಮುಟ್ಟಲಿಲ್ಲ. ಮುಟ್ಟದೇ ಸಹಿ ಹಾಕೀನಿ."

ಗಂಗವ್ವ ನನ್ನ ಮುಖವನ್ನು ನೋಡಿದರು. ಚಹಾದ ಹೊತ್ತು ಅವರಿಗೆ ನೆನಪಾಗಿರಬೇಕು. "ನಾ ಮಾತಾಡ್ಸಿದ್ದಕ್ಕ?" ಎಂದರು.

"ನೀವು ಮಾತಾಡ್ಸಿದ್ದಕ್ಕಲ್ಲ ತಂಗೆವ್ವ. ನನಗ ಮಾತು ಬೇಕಾಗಿತ್ತು. ಅದಕ್ಕ."

ವಿಮಾನವನ್ನು ತಳ್ಳಿಕೊಂಡು ಶೆಡ್ಡಿಗೆ ತಂದೆವು. ಗಾಲಿಯ ಕಾಲು ಬಾಗಿರಲಿಲ್ಲ. ಸೀಳಿನ ತುದಿಯಲ್ಲಿ ಸಣ್ಣ ತೂತು ಕೊರೆದೆ. ಹಾಗೆ ಮಾಡಿದರೆ ಸೀಳು ಮುಂದಕ್ಕೆ ಓಡುವುದಿಲ್ಲ. ಮುಚ್ಚಳವನ್ನು ಬದಲಿಸುವವರೆಗೆ ಓಟವಿಲ್ಲ ಎಂದು ಬರೆದೆ. ಈರಪ್ಪ ಚೌಕಟ್ಟನ್ನು ಸರಿಪಡಿಸಿದರು. ಹಿಡಿಕೆಗೂ ಸಲಾಕೆಗೂ ಸಂಬಂಧವಿಲ್ಲದ ಪ್ರತ್ಯೇಕ ಸುರಕ್ಷಾ ಕೊಕ್ಕೆಯೊಂದನ್ನು ಉಕ್ಕಿನ ಪಟ್ಟಿಯಿಂದ ಮಾಡಿದರು. ಎರಡೂ ಕೊಂಡಿ ಸೋತರೂ ಮುಚ್ಚಳ ಎರಡು ಬೆರಳಿನಷ್ಟು ಎದ್ದು ಅಲ್ಲಿಯೇ ನಿಲ್ಲಬೇಕು. ಪಿನ್ನುಗಳ ಕೆಳಭಾಗಕ್ಕೆ ಕೆಂಪು ಬಣ್ಣ ಹಚ್ಚಿದೆವು. ಸೀಟಿನಿಂದ ಕೆಂಪು ಕಂಡರೆ ಕೊಂಡಿ ಕೂತಿಲ್ಲವೆಂದು ಅರ್ಥ.

ತಾನಾಗಿ ಮೇಲೇಳುವ ಕೈಗೆ ಹಾಗೆ ಬಣ್ಣ ಹಚ್ಚಲು ಬರುವುದಿಲ್ಲ. ಅದಕ್ಕೆ ಅಭ್ಯಾಸವೊಂದೇ ದಾರಿ. ಗಾಲಿಗೆ ಕಲ್ಲು ಕೊಟ್ಟು, ಈರಪ್ಪನವರನ್ನು ಒಳಗೆ ಕೂಡಿಸಿದೆ. ಲಾಳಿಯ ಲೆಕ್ಕವನ್ನೋ, ಊರಿನ ಸುದ್ದಿಯನ್ನೋ ಹೇಳುತ್ತಿರಿ ಎಂದೆ. ಅವರು ಮಾತಿನಲ್ಲಿರುವಾಗ ಕೊಂಡಿ ಹಾಕದೆ ಬಿಟ್ಟ ಕ್ಯಾನೊಪಿಯನ್ನು ಹಿಂದಿನಿಂದ ಥಟ್ಟನೆ ಎತ್ತುತ್ತಿದ್ದೆ. ಕೈ ಮೇಲೆ ಹೋಗುತ್ತಿತ್ತು. ಮತ್ತೆ ಎತ್ತಿದೆ, ಮತ್ತೆ ಹೋಯಿತು.

ಶೆಡ್ಡಿನ ಬಾಗಿಲಲ್ಲಿ ಕೂತ ಗಂಗವ್ವ, "ಆ ಕೈ ನನ್ನ ಮಾತ ಕೇಳಿಲ್ಲ ಇಪ್ಪತ್ತೆಂಟು ವರ್ಷ, ನಿಮ್ಮದು ಕೇಳ್ತದೇನ್ರಿ ಅಣ್ಣಾರ?" ಎಂದರು.

"ಸುಮ್ನಿರ ಬೇ, ಎಣಿಕಿ ತಪ್ತದ" ಎಂದರು ಈರಪ್ಪ.

ಊಟದ ಹೊತ್ತಿಗೆ ನಲವತ್ತು ಸಲ ಆಗಿತ್ತು. ಊಟದ ನಂತರ ಮತ್ತೆ ಶುರು ಮಾಡಿದೆವು. ಅರವತ್ತಮೂರನೆಯ ಸಲ ಬಲಗೈ ಸ್ಟಿಕ್ ಮೇಲೆಯೇ ಉಳಿಯಿತು. ಬೆರಳುಗಳು ಮಾತ್ರ ಅದುರಿದವು. ಅಲ್ಲಿಂದ ಸತತ ಇಪ್ಪತ್ತು ಸಲ ಕೈ ಏಳದಿದ್ದಾಗ ನಿಲ್ಲಿಸಿದೆ.

ಮೂವತ್ತೊಂದು ವರ್ಷ ತಪಾಸಣೆ ಮಾಡುವಾಗ ನಾನು ಯಾರ ಜೊತೆಗೂ ಮಾತಾಡಿರಲಿಲ್ಲ. ಅದನ್ನು ಶಿಸ್ತು ಎಂದುಕೊಂಡಿದ್ದೆ. ಮಾತಾಡಿಸುವವರು ಇರಲಿಲ್ಲ ಎಂಬುದು ಅಂದು ತಿಳಿಯಿತು. ನೋಡುವ ಕೆಲಸದವನು ನೋಡುವಷ್ಟು ಹೊತ್ತು ಒಬ್ಬಂಟಿಯಾಗಿರಬೇಕು. ಜನ ಬೇಕೆನಿಸಿದರೆ, ಆ ಹೊತ್ತು ಮುಗಿಯುವವರೆಗೆ ಕಾಯಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ನಿವೃತ್ತಿಯ ನಂತರ.

ಸಂಜೆ ಐದೂವರೆಗೆ ಈರಪ್ಪ ಕೈ ಒರೆಸಿಕೊಳ್ಳುತ್ತ, "ಬರೂ ಐತ್ವಾರ ಬರ್ತೀರಿಲ್ಲೋ?" ಎಂದು ಕೇಳಿದರು. ನಾನು ಇನ್ನು ಭಾನುವಾರ ಬರುವುದಿಲ್ಲವೇನೋ ಎಂಬ ಅನುಮಾನ ಅವರ ದನಿಯಲ್ಲಿತ್ತು.

"ಬರ್ತೀನಿ. ಆದ್ರ ಈಗ ನೀವಿಬ್ರೂ ಹೊರಗ ಹೋಗ್ರಿ. ಒಂದು ತಾಸು ನನ್ನ ಮಾತಾಡಸಬ್ಯಾಡ್ರಿ."

ಅವರು ಹೋದರು. ಶೆಡ್ಡಿನ ಬಾಗಿಲು ಎಳೆದುಕೊಂಡು ಬೆಳಗಿನ ಪಟ್ಟಿಯನ್ನು ಮೊದಲ ಸಾಲಿನಿಂದ ಹಿಡಿದು ಮತ್ತೆ ನೋಡಿದೆ. ಹೊರಗೆ ಅವರಿಬ್ಬರೂ ಪಿಸುದನಿಯಲ್ಲಿ ಮಾತಾಡುತ್ತಿದ್ದರು, ಏನೆಂದು ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಕ್ಯಾನೊಪಿ ಮುಚ್ಚಿ ಕಿಂಡಿಯೊಳಗೆ ಕೈ ಇಟ್ಟೆ. ಹಿಂದಿನ ಕೊಂಡಿ, ಸುರಕ್ಷಾ ಕೊಕ್ಕೆ, ಮುಂದಿನ ಕೊಂಡಿ. ಮೂರೂ ಕೂತಿದ್ದವು. ಮುಂದಿನದನ್ನು ಇನ್ನೊಮ್ಮೆ ಮುಟ್ಟಿದೆ. ವೇಳೆ ಆರು ಇಪ್ಪತ್ತೈದು ಎಂದು ಬರೆದು ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಬಾಗಿಲು ತೆರೆದೆ.