ಸುಮಿತ್ರಕ್ಕನ ಹಲಸಿನ ಕಂಬ

ಮೊನ್ನೆ ಬಾಗಿಲಿಗೊಂದು ಪಟ್ಟಿ ತರಲು ಜರಗನಹಳ್ಳಿಯ ಮರದಂಗಡಿಗೆ ಹೋಗಿದ್ದೆ. ಆಗ ತಾನೇ ಕೊಯ್ದ ಹಲಸಿನ ಹಲಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತು ನಿಂತುಬಿಟ್ಟೆ. ನಿಮಗೂ ಹೀಗಾಗುತ್ತದೆಯೋ ಏನೋ. ನನಗಂತೂ ಹಲಸೆಂದರೆ ಹಣ್ಣಲ್ಲ, ಸುಮಿತ್ರಕ್ಕ.

ಸುಮಿತ್ರಕ್ಕ ಜಯನಗರದಲ್ಲಿ ನಮ್ಮ ಪಕ್ಕದ ಮನೆಯವರು. ದೇವಸ್ಥಾನಗಳಿಗೆ ವಾಹನ, ಬಾಗಿಲು ಕೆತ್ತುವ ಮನೆತನ. ವಿದ್ಯೆ ತಂದೆಯಿಂದ ಬಂದದ್ದು. ಒಮ್ಮೆ ಯಾವುದೋ ಶಿಬಿರದಲ್ಲಿ ಕೆನಡಾದ ಕಡಲತೀರದಿಂದ ಬಂದ ಶಿಲ್ಪಿಯೊಬ್ಬರ ಜೊತೆ ಕೆಲಸ ಮಾಡಿದ್ದರು. ಅವರ ಕಡೆ ಒಂದೇ ಕಾಂಡದಲ್ಲಿ ಒಂದರ ಮೇಲೊಂದು ಪ್ರಾಣಿಗಳನ್ನು ಕೆತ್ತಿ ಕುಲದ ಕಥೆ ಹೇಳುತ್ತಾರಂತೆ. ಟೋಟೆಮ್ ಕಂಬ. ಹಿತ್ತಿಲ ಹಲಸು ಗಾಳಿಗೆ ಉರುಳಿದಾಗ ಸುಮಿತ್ರಕ್ಕ ಅದನ್ನು ಸೌದೆಗೆ ಕೊಡದೆ ನೆರಳಲ್ಲಿ ಒಣಗಿಸಿ, ತಮ್ಮ ಮನೆಯದೇ ಕಂಬ ಮಾಡಲು ಕೂತರು. ಕೆಳಗೆ ಆಮೆ: ಎಂದೂ ಅವಸರಪಡದ ಅಪ್ಪ. ಅದರ ಮೇಲೆ ಅಳಿಲು: ಡಬ್ಬಿಡಬ್ಬಿಗಳಲ್ಲಿ ಕೂಡಿಡುತ್ತಿದ್ದ ಅಮ್ಮ. ತುದಿಗೆ ಬರಬೇಕಿದ್ದದ್ದು ಹದ್ದು, ತಾವೇ. ಆ ಅಳಿಲಿನ ಬಾಲ ನೋಡಬೇಕಿತ್ತು ನೀವು, ಊದಿದರೆ ಅಲುಗುತ್ತದೇನೋ ಅನ್ನುವಂತಿತ್ತು.

ಹದ್ದು ಶುರುವಾಗುವ ಮೊದಲೇ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಯಿತು. ತಾನು ಮುಗಿಸಿಕೊಡುತ್ತೇನೆಂದು ಅವರ ತಮ್ಮ ಬಂದ. ಅವನೂ ಒಳ್ಳೆಯ ಕೆಲಸಗಾರನೇ. ಸುಮಿತ್ರಕ್ಕ ಬೇಡವೆಂದು ತಲೆಯಾಡಿಸಿದರು.

"ಎಡಗೈ ಇಷ್ಟು ವರ್ಷ ಬರೀ ಉಳಿ ಹಿಡ್ಕೊಂಡೇ ಇತ್ತು ಕಣೋ. ಈಗ ಅದೂ ಹೊಡೀಲಿ."

ಎಡಗೈ ಕೊಡತಿ ಎತ್ತಿದರೆ ಉಳಿ ಹಿಡಿಯುವವರು ಬೇಕಲ್ಲ, ನಾನು ಸಿಕ್ಕಿದೆ. ತೆಂಗಿನಕಾಯಿ ಒಡೆಯುವುದಕ್ಕೂ ಇನ್ನೊಬ್ಬರನ್ನು ಕರೆಯುವ ಹೆಂಗಸು ನಾನು. ಮೊದಲ ಪೆಟ್ಟಿಗೇ ಕಣ್ಣು ಮುಚ್ಚಿಕೊಂಡೆ.

"ಕಣ್ಣು ಬಿಡೇ," ಎಂದರು ಸುಮಿತ್ರಕ್ಕ. "ಈ ಕೈ ಮೇಲೆ ನಂಗೇ ನಂಬಿಕೆ ಇಲ್ಲ, ನೀನಾದ್ರೂ ನೋಡು."

ಬೆಳಗಿನ ಹೊತ್ತು ಒಂದು ಗರಿ ಆದರೆ ಅದೇ ಹಬ್ಬ. ಒಂದು ದಿನ ಪೆಟ್ಟು ತಪ್ಪಿ ರೆಕ್ಕೆಯ ಅಂಚೇ ಹಾರಿಹೋಯಿತು. ನನಗೆ ಅಳು ಬಂತು. ಅವರು ಮುರಿದ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಮಾರನೆಯ ದಿನ, ಬಿಚ್ಚಿದ್ದ ರೆಕ್ಕೆಯನ್ನು ಮಡಿಸಿದ ರೆಕ್ಕೆಯಾಗಿ ಕೆತ್ತತೊಡಗಿದರು.

ಕಂಬ ಎದ್ದು ನಿಂತಾಗ, ಮೇಲಿನ ಹದ್ದಿನ ಒರಟನ್ನು ಉಜ್ಜಿ ನಯ ಮಾಡಲೇ ಎಂದು ತಮ್ಮ ಕೇಳಿದ. "ಬೇಡ, ಅದು ನಾನು," ಎಂದರು, ಅಷ್ಟೇ.

ಈಗ ಅದು ಅವರ ಗೇಟಿನೊಳಗೆ ನಿಂತಿದೆ. ಬಂದವರೆಲ್ಲ ಅಳಿಲಿಗೆ ಮರುಳಾಗುತ್ತಾರೆ. ನಾನೂ ಹಾಗೇ ಇದ್ದವಳು. ಇವತ್ತು ಹಾಲು ತರಲು ಹೊರಟವಳು ಕತ್ತೆತ್ತಿ ನಿಂತೆ. ಎಳೆಬಿಸಿಲು ಹದ್ದಿನ ಮೈಮೇಲೆ ಏಟು ಬಿದ್ದ ಒಂದೊಂದು ಗುರುತಿನಲ್ಲೂ ಬೇರೆ ಬೇರೆಯಾಗಿ ಕೂತಿತ್ತು. ನಯವಾದ ಮರದ ಮೇಲೆ ಬೆಳಕು ಹಾಗೆ ನಿಲ್ಲುವುದಿಲ್ಲ.