ಚೀಟಿಯ ಮೇಲಿನ ‘ಇಲ್ಲ’

ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು ಸಾಮಾನು ಬಿಚ್ಚುವಾಗ ಹಳೆಯ ಪಾಸ್‌ಬುಕ್ಕಿನೊಳಗಿಂದ ಡಾಕ್ಟರ ಚೀಟಿಯೊಂದು ಬಿತ್ತು. ವಿಜಯವಾಡದ ಗವರ್ನರ್‌ಪೇಟೆಯದು. ಮಡಿಕೆ ಸವೆದು ಹರಿಯುವ ಹಾಗಿದೆ. ಮೇಲೆ ಕಾಕಾ ಅವರ ಹೆಸರು, ವಯಸ್ಸು ಐವತ್ನಾಲ್ಕು. ನಿದ್ದೆ ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಅದರ ಕೆಳಗೆ, ಕುಡಿತ: ಇಲ್ಲ. ಆ ‘ಇಲ್ಲ’ ಡಾಕ್ಟರದ್ದಲ್ಲ, ನನ್ನದು.

ಕಾಕಾ ಅಂದರೆ ರಕ್ತಸಂಬಂಧವೇನಲ್ಲ. ನಮ್ಮ ಬ್ಯಾಂಕಿನ ಆಫೀಸರು, ಹಾವೇರಿ ಕಡೆಯವರು. ಹೆಂಡತಿಯನ್ನು ಊರಲ್ಲೇ ಬಿಟ್ಟು ವಿಜಯವಾಡಕ್ಕೆ ಬಂದಿದ್ದರು. ನಾನು ಅದೇ ಶಾಖೆಯ ಹೊಸ ಕ್ಲರ್ಕು. ಅಪ್ಪ ಅಮ್ಮ ಧಾರವಾಡದವರಾದರೂ ನಾನು ಹುಟ್ಟಿ ಬೆಳೆದದ್ದು ವಿಜಯವಾಡದಲ್ಲೇ, ಕನ್ನಡ ಮನೆಯೊಳಗಷ್ಟೇ. “ನಿನ್ನ ಕನ್ನಡಕ್ಕ ಗೋಂಗೂರ ಚಟ್ನಿ ವಾಸನಿ ಬಡೀತದ ನೋಡವಾ,” ಎಂದು ಕಾಕಾ ಕಾಡಿಸುತ್ತಿದ್ದರು. ಆದರೂ ಎರಡು ಮಾತಾಡಲು ನನ್ನ ಕೌಂಟರಿಗೇ ಬರುತ್ತಿದ್ದರು.

ಕುಡಿಯುತ್ತಿದ್ದರು. ಶಾಖೆಗೆಲ್ಲ ಗೊತ್ತಿತ್ತು. ಬೆಳಿಗ್ಗೆ ಕೈ ಎಷ್ಟು ನಡುಗುತ್ತಿತ್ತೆಂದರೆ ಅವರ ಸಹಿ ಅವರದೇ ಸಹಿಗೆ ಹೊಂದುತ್ತಿರಲಿಲ್ಲ. ಹಾಗಾಗಿ ಕಾಗದಗಳನ್ನು ಹನ್ನೊಂದು ದಾಟಿದ ಮೇಲೇ ಅವರ ಮುಂದಿಡಬೇಕೆಂದು ನಮ್ಮಲ್ಲೊಂದು ರೂಲು. ಯಾರು ಮಾಡಿದ್ದೋ... ನಾನು ಸೇರುವ ಹೊತ್ತಿಗೆ ಇತ್ತು. ಅದನ್ನು ನಾವು ಮರ್ಯಾದೆ ಅಂದುಕೊಂಡಿದ್ದೆವು.

ಒಂದು ದಿನ ಅವರೇ ಬಾಯಿಬಿಟ್ಟರು. “ನಿದ್ದಿ ಸಲುವಾಗಿ ಸುರು ಮಾಡಿದ್ದು ಯವ್ವಾ. ಕುಡದ್ರ ಕಣ್ಣು ಮುಚ್ಚತಾವ, ಮೂರಕ್ಕ ತಟಕ್ನ ತೆರೀತಾವ. ಮೈಯೆಲ್ಲ ಬೆವರು. ಕುಡೀಲಿಲ್ಲಂದ್ರ ಮುಚ್ಚೋದ ಇಲ್ಲ.”

ಡಾಕ್ಟರ ಹತ್ತಿರ ಹೋಗೋಣ ಎಂದು ಬೆನ್ನು ಹತ್ತಿದವಳು ನಾನೇ. ಕಾಕಾಗೆ ತೆಲುಗು ಬಾರದು. ಆಫೀಸಿನ ಇಂಗ್ಲಿಷ್ ಬರುತ್ತಿತ್ತು, ಸಂಕಟ ಹೇಳಿಕೊಳ್ಳುವ ಇಂಗ್ಲಿಷ್ ಬರುತ್ತಿರಲಿಲ್ಲ. ದವಾಖಾನೆಯ ಮೆಟ್ಟಿಲ ಮೇಲೆ ನಿಂತು, “ಅದೊಂದು ಹೇಳಬ್ಯಾಡ. ನಿದ್ದಿ ಬರಂಗಿಲ್ಲ ಅಂತಷ್ಟ ಹೇಳು,” ಅಂದರು.

ವಯಸ್ಸಾದ ಡಾಕ್ಟರು ತೆಲುಗಿನಲ್ಲಿ ಎಲ್ಲ ವಿಚಾರಿಸಿದರು. ಕುಡಿಯುತ್ತಾರೆಯೇ ಎಂದೂ ಕೇಳಿದರು. ನಾನು ಕಾಕಾ ಕಡೆ ತಿರುಗಲೂ ಇಲ್ಲ. “ಲೇದಂಡಿ,” ಇಲ್ಲ, ಎಂದುಬಿಟ್ಟೆ. ದೊಡ್ಡವರ ಮಾನ ಉಳಿಸಿದೆನೆಂಬ ಹೆಮ್ಮೆ ಬೇರೆ ನನಗೆ! ಡಾಕ್ಟರು ನಿದ್ದೆ ಮಾತ್ರೆ ಬರೆದರು. ಕಾಕಾ ಖುಷಿಯಿಂದ ಬಿಸಿ ಪುನುಗುಲು ಬೋಂಡಾ ಕೊಡಿಸಿ, “ಚೀಟಿ ನಿನ್ನ ಕಡೇನ ಇರ್ಲಿ, ಮುಂದಿನ ಸಲಾನೂ ನೀನ ಬರಬೇಕಲ್ಲ,” ಅಂದರು.

ಹತ್ತು ಹನ್ನೆರಡು ದಿನ ಕಳೆದಿರಬೇಕು... ಹನ್ನೊಂದಾಯಿತು, ಕಾಗದಗಳು ಮೇಜಿನ ಮೇಲಿದ್ದವು, ಕಾಕಾ ಬರಲಿಲ್ಲ. ಮನೆಯ ಬಾಗಿಲು ಒಡೆದಾಗ ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದರು. ಪಕ್ಕದಲ್ಲಿ ಮಾತ್ರೆಯೂ ಇತ್ತು, ಬಾಟಲಿಯೂ ಇತ್ತು. ಎರಡೂ ಕೂಡಬಾರದೆಂದು ನನಗೆ ತಿಳಿದದ್ದು ಆಮೇಲೆ. ನಿಜ ಹೇಳಿದ್ದರೆ ಆ ಡಾಕ್ಟರು ಆ ಮಾತ್ರೆ ಬರೆಯುತ್ತಿರಲಿಲ್ಲ.

ನಿದ್ದೆಯಲ್ಲೇ ಹೋದರು, ಪುಣ್ಯವಂತರು ಎಂದರು ಶಾಖೆಯವರು. ಊರಿಂದ ಬಂದ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, “ಮಗಳಂಗ ದವಾಖಾನಿಗೆ ಕರಕೊಂಡು ಹೋಗಿದ್ದಿ. ಕಡೀಕರೆ ನಿದ್ದಿ ಬಂತಲ್ಲವಾ ಅವರಿಗೆ,” ಅಂದರು. ಹೇಳಬೇಕಿತ್ತು. ಹೇಳಲಿಲ್ಲ. ತಲೆಯಾಡಿಸಿದೆ. ಈಗ ಆಕೆಯೂ ಇಲ್ಲ.

ಇಲ್ಲಿ ವಿಶಾಖಪಟ್ಟಣದ ಶಾಖೆಗೆ ಈಗ ನಾನೇ ಮ್ಯಾನೇಜರು. ನಿನ್ನೆ ಕ್ಲರ್ಕ್ ಒಬ್ಬಾಕೆ ಕಾಗದ ಹಿಡಿದು ಬಂದು, ಇದಕ್ಕೆ ಸಾಲದ ವಿಭಾಗದ ಸರ್ ಸಹಿ ಮಧ್ಯಾಹ್ನ ತಗೊಳ್ಳಲೇ ಮೇಡಂ, ಬೆಳಿಗ್ಗೆ ಅವರಿಗೆ ಸ್ವಲ್ಪ... ಎಂದು ತೆಲುಗಿನಲ್ಲಿ ತಡವರಿಸಿದಳು. ಗಂಟೆ ಹತ್ತೂಕಾಲು.

ಎದ್ದು ಹೋಗಿ ಆ ಸರ್ ಎದುರು ಕುರ್ಚಿ ಎಳೆದು ಕೂತೆ. ಸಿಕ್ಕ ದಿನದಿಂದ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದ ಚೀಟಿ ತೆಗೆದು ಅವರ ಮುಂದಿಟ್ಟೆ. ನಡುಗುವ ಕೈಯಲ್ಲಿ ಹಿಡಿದು ಓದಿ, ಯಾರಿದು ಎಂದು ಕೇಳಿದರು.

ನಮ್ಮ ಕಾಕಾ, ಎಂದೆ. ಈ ಸಲ ಎಲ್ಲವನ್ನೂ ಹೇಳಿದೆ.