ಗಟ್ಟಿ ಕಾಗದ ಕೇಳಿದವಳು ನಾನು

ಗಂಗತ್ತೆ, ನಿಮ್ಮ ಪುಸ್ತಕ ಕೆಡಿಸಿದ್ದು ರಹೀಮ್ ಚಾಚಾ ಅಲ್ಲ, ನಾನು. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸುತ್ತಿದ್ದ ನನಗೆ ಈ ಒಂದು ವಾಕ್ಯ ಹೇಳಲು ಎರಡು ವರ್ಷ ಬೇಕಾಯಿತು.

ತೀರಿಹೋದ ಮಾವ ಸೀರೆಯ ಸೆರಗಿಗೆಂದು ಚೌಕಳಿ ಹಾಳೆಗಳಲ್ಲಿ ಬರೆದಿಟ್ಟ ನವಿಲು, ಬಳ್ಳಿ, ಹಂಸ — ಬೇರೆಲ್ಲೂ ನಕಲಿಲ್ಲ ಎಂದು ಹೇಳಿಯೇ ನೀವು ಹರಿದಿದ್ದ ಆ ಪುಸ್ತಕವನ್ನು ರಿಪೇರಿಗೆಂದು ಮೊಳಕಾಲ್ಮೂರಿನಿಂದ ನನ್ನ ಕೈಗೆ ಕೊಟ್ಟು ಕಳಿಸಿದ್ದಿರಿ. ಚಳ್ಳಕೆರೆಯ ಬೈಂಡಿಂಗ್ ಅಂಗಡಿಯಲ್ಲಿ ಚಾಚಾ ಹರಿದ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಈರುಳ್ಳಿ ಸಿಪ್ಪೆಯಂಥ ಕಾಗದವೊಂದನ್ನು ತೆಗೆದರು — ಕೈಯಲ್ಲಿ ಮಾಡಿದ್ದು, ಉದ್ದ ನಾರಿನದು. ನನಗೆ ನಗು.

“ಉಸಿರು ಬಿಟ್ರೆ ಹಾರೋಗ್ತೈತೆ ಇದು! ಗಟ್ಟಿ ಕಾಗದ ಹಚ್ರಿ. ಬ್ಯಾಡ ಅಂದ್ರೆ ಆಧಾರ ಕೊಡ್ರಿ.”

“ಆಧಾರ ಎಲ್ಲಿಂದ ತರ್ಲಿ ಬೇಟಿ, ಕೈಗೆ ಗೊತ್ತೈತೆ. ತೇಪೆ ಹಳೇ ಹಾಳೆಗಿಂತ ಗಟ್ಟಿ ಇರಬಾರ್ದು. ಮುಂದೆ ಹರಿಯೋದಾದ್ರೆ ನನ್ನ ಕಾಗ್ದ ಹರೀಲಿ, ನಿಮ್ಮಾವನ್ದು ಬ್ಯಾಡ.”

“ಕೈಗೆ ಗೊತ್ತು ಅನ್ನೋದು ವಾದ ಅಲ್ಲ ಚಾಚಾ.”

“ವಕೀಲಿಕೆ ಓದಮ್ಮ ನೀನು! ಸರಿ — ಅತ್ತೆ ಒಪ್ಯಾರಾ?”

ಹೂಂ ಎಂದೆ. ನಿಮ್ಮನ್ನು ನಾನು ಕೇಳಿಯೇ ಇರಲಿಲ್ಲ. ನಿಮ್ಮ ಮಾತೆಂದರೆ ಅವರು ಎದುರಾಡುವುದಿಲ್ಲವೆಂದು ಗೊತ್ತಿತ್ತು — ಗೆಲ್ಲಬೇಕಿತ್ತು, ಅಷ್ಟೆ. ಚಾಚಾ ಗಟ್ಟಿ ಕಾಗದವನ್ನೇ ಹಚ್ಚಿಕೊಟ್ಟರು.

ಆರು ತಿಂಗಳಾದರೂ ಒಂದು ತೇಪೆಯೂ ಕಿತ್ತು ಬಂದಿರಲಿಲ್ಲ. ಆದರೆ ಪುಟ ತಿರುವಿದಾಗಲೆಲ್ಲ ಆ ದಪ್ಪ ಕಾಗದ ಬಾಗದೆ, ಅದರ ಅಂಚಿಗೆ ಸರಿಯಾಗಿ ಮಾವನ ಹಾಳೆಯೇ ಮುರಿದಿತ್ತು — ನವಿಲಿನ ಕುತ್ತಿಗೆಯಲ್ಲಿ. ನೀವು ಚೂರುಗಳನ್ನು ಸೆರಗಿನಲ್ಲಿ ಹಿಡಿದು, “ಆ ಸಾಬ್ರಿಗೆ ಕೆಲ್ಸ ಬರಲ್ಲ, ಯಾರೂ ಅಲ್ಲಿ ಕೊಡಬ್ಯಾಡ್ರೇ” ಎಂದು ಮಗ್ಗದ ಬೀದಿಗೆಲ್ಲ ಹೇಳಿದಿರಿ. ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಎಲ್ಲದಕ್ಕೂ ಪುರಾವೆ ಕೇಳುವವಳು — ಪುರಾವೆ ನಿಮ್ಮ ಸೆರಗಿನಲ್ಲಿತ್ತು, ನೋಡಿದೆ, ಸುಮ್ಮನಿದ್ದೆ.

ಆ ಬೀದಿಯಿಂದ ಚಾಚಾರ ಅಂಗಡಿಗೆ ಮತ್ತೆ ಒಂದು ಪುಸ್ತಕವೂ ಹೋಗಲಿಲ್ಲ. ಅವರು ಯಾರ ಮುಂದೆಯೂ ನನ್ನ ಹೆಸರೆತ್ತಲಿಲ್ಲ.

ಭಾನುವಾರ ಬರುತ್ತೇನೆ. ನೀವು ದೂರು ಹೇಳಿದ ಪ್ರತಿ ಮನೆಯಲ್ಲೂ ಇದನ್ನು ನಾನೇ ಹೇಳುತ್ತೇನೆ. ನಿಮ್ಮ ಕ್ಷಮೆ ಸಿಗಲೆಂದು ಬರುತ್ತಿಲ್ಲ. ಅದು ನಿಮಗೆ ಬಿಟ್ಟದ್ದು. ನಿನ್ನೆ ಚಾಚಾರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಅದೇ ತೆಳ್ಳನೆಯ ಕಾಗದ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: “ಆ ಚೂರು ಇಟ್ಕೊಂಡವ್ರಾ ನಿಮ್ಮತ್ತೆ?”

ಇಟ್ಟುಕೊಂಡಿದ್ದೀರಾ, ಅತ್ತೆ?